ಬೂಷ್ಟಿನ ಹಸಿವು, ಟೆರಿಕಾಟಿನ ಬಿಗಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕ ಸೈನ್ಯದ ಹತ್ತಿಬಟ್ಟೆಯ ಡೇರೆಗಳು ಪಿಸಿದು ಹರಿಯತೊಡಗಿದವು. ಕಾರಣ, ಒಂದು ಬೂಷ್ಟು. ಅದರ ಬೆನ್ನುಹತ್ತಿದ ವಿಜ್ಞಾನಿ ಎಲ್ವಿನ್ ರೀಸ್ ಹೆಸರೇ ಮುಂದೆ ಅದಕ್ಕೆ ಬಂತು: ಟ್ರೈಕೊಡರ್ಮಾ ರೀಸಿಯೈ. ಸೈನ್ಯವನ್ನು ಕಾಡಿದ ಈ ಪೀಡೆ ಹಳೆಬಟ್ಟೆಯ ರಾಶಿ ಕರಗಿಸಲು ಹೊರಟವರಿಗೆ ಇಂದು ದೊಡ್ಡ ಆಸರೆ.

ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸ್, ಅಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಬೂಷ್ಟು ಸ್ರವಿಸುವ ಸೆಲ್ಯುಲೇಸ್ ಕಿಣ್ವಗಳಲ್ಲಿ ಕೆಲವು ಸರಪಳಿಯನ್ನು ನಡುವೆ ತುಂಡರಿಸುತ್ತವೆ, ಕೆಲವು ತುದಿಯಿಂದ ಕಡಿಯುತ್ತಾ ಬರುತ್ತವೆ. ಕೊನೆಗೆ ಸಿಗುವುದು ಸಕ್ಕರೆ. ಬರೀ ಹತ್ತಿಯಾಗಿದ್ದರೆ ಮಣ್ಣೇ ಈ ಕೆಲಸ ಮುಗಿಸುತ್ತಿತ್ತು. ಆದರೆ ಟೆರಿಕಾಟಿನಲ್ಲಿ ಹತ್ತಿಯ ಜೊತೆ ಪಾಲಿಯೆಸ್ಟರ್ ಎಳೆಯನ್ನೂ ಬೆರೆಸಿ ನೂಲು ತೆಗೆದಿರುತ್ತಾರೆ. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ರೂಪಿಸಿದ ಈ ಪಾಲಿಯೆಸ್ಟರೂ ನೀರಿನ ಬಾಟಲಿಯ ಪ್ಲಾಸ್ಟಿಕ್ಕೂ ಒಂದೇ. ಕಸದ ಗುಂಡಿಗೆ ಬಿದ್ದ ಇಂಥ ಅಂಗಿಯಲ್ಲಿ ಹತ್ತಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಪಾಲಿಯೆಸ್ಟರ್ ಸಣ್ಣ ಸಣ್ಣ ಎಳೆಗಳಾಗಿ ಉಳಿದುಬಿಡುತ್ತದೆ. ಹಾಗಿರುವಾಗ ಮಿಶ್ರಬಟ್ಟೆಯನ್ನು ಮಣ್ಣಲ್ಲಿ ಕರಗುವ ಬಟ್ಟೆ ಎಂದು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ.

ಅದನ್ನು ಕರಗಿಸಬೇಕಾದದ್ದು ಗುಂಡಿಯಲ್ಲಲ್ಲ, ತೊಟ್ಟಿಯಲ್ಲಿ. ಬಟ್ಟೆಯನ್ನು ಚೂರುಮಾಡಿ, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಹತ್ತಿಯ ಬಿಗಿ ಸಡಿಲಿಸುತ್ತಾರೆ. ತೊಳೆದು, ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಿಣ್ವ ಬೆರೆಸಿದರೆ ಹತ್ತಿ ಸಕ್ಕರೆಯಾಗಿ ನೀರಿಗಿಳಿಯುತ್ತದೆ, ಪಾಲಿಯೆಸ್ಟರ್ ಎಳೆಗಳಷ್ಟೇ ಉಳಿಯುತ್ತವೆ. ಸಕ್ಕರೆಯಿಂದ ಎಥನಾಲ್ ತೆಗೆಯಬಹುದು, ಎಳೆಗಳನ್ನು ಕರಗಿಸಿ ಮತ್ತೆ ನೂಲಬಹುದು.

ಪಾಲಿಯೆಸ್ಟರನ್ನೂ ಕಿಣ್ವದಿಂದಲೇ ಒಡೆಯಬಹುದೇ? ಜಪಾನಿನ ಸಕಾಯ್ ನಗರದಲ್ಲಿ ಸಿಕ್ಕ, ಬಾಟಲಿ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾದ ವಿವರ 2016ರಲ್ಲಿ ಪ್ರಕಟವಾಯಿತು. 2020ರಲ್ಲಿ ಫ್ರಾನ್ಸಿನ ತುಲೂಸಿನ ಸಂಶೋಧಕರು ತಿದ್ದಿ ರೂಪಿಸಿದ ಬೇರೊಂದು ಕಿಣ್ವ, 72 ಡಿಗ್ರಿಯಲ್ಲಿ, 10 ಗಂಟೆಯೊಳಗೆ ಬಾಟಲಿ ಪ್ಲಾಸ್ಟಿಕ್ಕಿನ ಶೇ. 90ರಷ್ಟನ್ನು ಒಡೆಯಿತು. ಬಟ್ಟೆಯ ಎಳೆ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗಟ್ಟಿಯಾಗಲೆಂದು ಗಿರಣಿಯಲ್ಲಿ ಅದನ್ನು ಹಿಗ್ಗಿಸಿ ಎಳೆದಾಗ ಅಣುಗಳು ಒತ್ತೊತ್ತಾಗಿ ಸಾಲುಗಟ್ಟುತ್ತವೆ. ಕಿಣ್ವಕ್ಕೆ ಒಳಹೊಗಲು ಜಾಗವೇ ಸಿಗದು. ಮೊದಲು ಕರಗಿಸಿ, ಥಟ್ಟನೆ ತಣಿಸಿ, ಆ ಸಾಲು ಕೆಡಿಸಬೇಕು. ಅದಕ್ಕೆ ಇಂಧನ ಬೇಕು, ಹಣವೂ ಬೇಕು.

ಇನ್ನು ಬಣ್ಣ, ಗುಂಡಿ, ಜಿಪ್ಪು, ಹಿಗ್ಗಲೆಂದು ಸೇರಿಸಿದ ಎಲಾಸ್ಟೇನ್ ಎಲ್ಲವೂ ಈ ಕೆಲಸಕ್ಕೆ ಅಡ್ಡಿ. ಅಪ್ಪಟ ಹತ್ತಿಯೆಂದು ಕೊಂಡ ಅಂಗಿಯ ಹೊಲಿಗೆಯ ದಾರ ಕೂಡ ಎಷ್ಟೋ ಸಲ ಪಾಲಿಯೆಸ್ಟರಿನದೇ. ಹತ್ತಿದಾರದಲ್ಲೇ ಹೊಲಿದು, ಯಾವ ಎಳೆ ಎಷ್ಟಿದೆಯೆಂದು ಒಗೆದರೂ ಅಳಿಸದಂತೆ ಅಚ್ಚು ಹಾಕಿಸುವುದಕ್ಕೆ ಯಾವ ಹೊಸ ಕಿಣ್ವವೂ ಬೇಕಿಲ್ಲ. ಬಟ್ಟೆ ತಯಾರಿಸುವವರು ಇದನ್ನು ನಾಳೆಯಿಂದಲೇ ಶುರುಮಾಡಬಹುದು.