ಬಂದದ್ದೆಷ್ಟು, ಹೊರಟದ್ದೆಷ್ಟು? ಹಬ್ಬದ ಚೀಲದ ಲೆಕ್ಕ



ಆಗಮನ ಕಾಲ ಆರಂಭವಾಯಿತೆಂದರೆ ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯಲ್ಲಿ ಹೆಜ್ಜೆ ಇಡುವುದಕ್ಕೂ ಜಾಗವಿರುವುದಿಲ್ಲ. ಹೂವು, ಹಣ್ಣು, ಬಟ್ಟೆ, ಪಾತ್ರೆ, ಮಿನುಗುವ ದೀಪದ ಸರಗಳು ಎಲ್ಲವೂ ಸಿಗುತ್ತವೆ. ಅದೂ ಬೇಡವೆಂದರೆ ಮೊಬೈಲ್ ಒತ್ತಿದರೆ ಸಾಕು, ಸಾಮಾನು ಬಾಗಿಲಿಗೇ ಬಂದು ಬೀಳುತ್ತದೆ. ಆದರೂ ಹಬ್ಬದ ಮಾರನೆಯ ದಿನ ಅನೇಕ ಮನೆಗಳಲ್ಲಿ ಒಂದು ರೀತಿಯ ದಣಿವು, ಒಂದು ರೀತಿಯ ಖಾಲಿತನ. ಜನವರಿ ಬಂದರೆ ಕಂತು ಕಟ್ಟುವ ಚಿಂತೆ. ಇಷ್ಟೆಲ್ಲ ಕೊಂಡರೂ ಹಬ್ಬ ಎಲ್ಲಿ ಕೈತಪ್ಪಿತು?

ಈ ಪ್ರಶ್ನೆಗೆ ಉತ್ತರ ಹುಡುಕಲು, ನಮ್ಮ ಹಿರಿಯರು ಇದೇ ಊರಿನಲ್ಲಿ ಕ್ರಿಸ್ತಜಯಂತಿಗೆ ಹೇಗೆ ಸಾಮಾನು ತರುತ್ತಿದ್ದರು, ತಂದದ್ದನ್ನು ಏನು ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ.

ದಂಡು ಪ್ರದೇಶವೆಂಬ ಸಣ್ಣ ಊರು

ಇಂದು ಬೆಂಗಳೂರು ಎಲ್ಲಿ ಮುಗಿಯುತ್ತದೆಂದು ಹೇಳುವುದೇ ಕಷ್ಟ. ಆದರೆ ದಂಡು ಪ್ರದೇಶ ಒಂದು ಕಾಲದಲ್ಲಿ ತನ್ನಷ್ಟಕ್ಕೆ ಒಂದು ಸಣ್ಣ ಊರಾಗಿತ್ತು. 1809ರಲ್ಲಿ ಬ್ರಿಟಿಷರ ಸೈನ್ಯಕ್ಕಾಗಿ ಹುಟ್ಟಿದ ಈ ಊರು 1947ರಲ್ಲಿ ಮೈಸೂರು ಸಂಸ್ಥಾನದ ಕೈಗೆ ಮರಳಿ ಬಂತು. 1949ರಲ್ಲಿ ಹಳೆಯ ಪೇಟೆಯ ಜೊತೆ ಸೇರಿ ಒಂದೇ ನಗರಪಾಲಿಕೆಯಾಯಿತು. ಅದರ ಪೂರ್ವಕ್ಕೆ ಇದ್ದದ್ದು ಕೆರೆಗಳು, ಹೊಲಗಳು, ಹಳ್ಳಿಗಳು. ತಿಪ್ಪಸಂದ್ರ ಅಂಥ ಹಳ್ಳಿಗಳಲ್ಲಿ ಒಂದು. ‘ಸಂದ್ರ’ ಎಂದರೆ ಸಮುದ್ರ. ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಪ್ರೀತಿಯಿಂದ ಸಮುದ್ರವೆಂದೇ ಕರೆದರು.

ಈ ಹೊಲಗಳ ಮಗ್ಗುಲಿಗೆ ಒಂದರ ಹಿಂದೆ ಒಂದು ಕಾರ್ಖಾನೆಗಳು ಬಂದವು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1956ರಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್., 1964ರಲ್ಲಿ ಬಿ.ಇ.ಎಂ.ಎಲ್. ಪಾಳಿಯ ಕೆಲಸ, ತಿಂಗಳ ಸಂಬಳ, ಸಾಲುಮನೆಗಳು. ಕನ್ನಡ, ತಮಿಳು, ತೆಲುಗು, ಮಲಯಾಳ, ಕೊಂಕಣಿ ಆಡುವ ಕುಟುಂಬಗಳು ಒಂದೇ ಬೀದಿಯಲ್ಲಿ ನೆಲೆಸಿದವು. ನಮ್ಮ ಎಷ್ಟೋ ಧರ್ಮಕೇಂದ್ರಗಳ ಬೇರು ಇಲ್ಲಿಯೇ ಇದೆ.

ಹಬ್ಬದ ಹಣ ಎಲ್ಲಿಂದ ಬರುತ್ತಿತ್ತು?

ಕಾರ್ಖಾನೆಯವರಿಗೆ ವರ್ಷಕ್ಕೊಮ್ಮೆ ಬೋನಸ್ ಬರುತ್ತಿತ್ತು. 1965ರ ಬೋನಸ್ ಕಾಯಿದೆಯ ಪ್ರಕಾರ ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಅದನ್ನು ಕೊಡಬೇಕಿತ್ತು. ಹಾಗಾಗಿ ಹಣ ಸಾಮಾನ್ಯವಾಗಿ ಕೈಸೇರುತ್ತಿದ್ದುದು ದಸರಾ-ದೀಪಾವಳಿಯ ಹೊತ್ತಿಗೆ. ನೆರೆಹೊರೆಯವರು ಹಬ್ಬಕ್ಕೆ ಖರ್ಚು ಮಾಡುವಾಗ, ನಮ್ಮ ತಾಯಂದಿರು ಅದನ್ನು ಡಿಸೆಂಬರ್‌ವರೆಗೆ ಮುಟ್ಟದೆ ಕಾಪಾಡಬೇಕಿತ್ತು. ಸೀರೆಯ ಮಡಿಕೆಯಲ್ಲಿ, ಸಾಸಿವೆ ಡಬ್ಬಿಯಲ್ಲಿ, ದೇವರ ಪೀಠದ ಹಿಂದೆ ಅದು ಅಡಗಿರುತ್ತಿತ್ತು. ಬೋನಸ್ ಇಲ್ಲದ ಕೂಲಿಯವರು ತಿಂಗಳು ತಿಂಗಳು ಹಬ್ಬದ ಚೀಟಿ ಕಟ್ಟುತ್ತಿದ್ದರು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಂದು ಹಣವನ್ನು ಮೊದಲು ಕೂಡಿಟ್ಟು ನಂತರ ಕೊಳ್ಳುತ್ತಿದ್ದರು. ಇಂದು ಮೊದಲು ಕೊಂಡು ನಂತರ ತೀರಿಸುತ್ತೇವೆ. ಅಂದಿನ ಕಾಯುವಿಕೆ ಹಬ್ಬದ ಮುಂದಿತ್ತು, ಅದರಲ್ಲಿ ಆಸೆಯಿತ್ತು. ಇಂದಿನ ಕಾಯುವಿಕೆ ಹಬ್ಬದ ಹಿಂದಿದೆ, ಅದರಲ್ಲಿ ಆತಂಕವಿದೆ. ಆಗಮನ ಕಾಲವೆಂದರೆ ಕಾಯುವ ಕಾಲವೆಂದು ನಾವು ಬಲಿಪೂಜೆಯಲ್ಲಿ ಕೇಳುತ್ತೇವೆ. ಆ ಪಾಠವನ್ನು ಅವರು ಅಡುಗೆಮನೆಯ ಡಬ್ಬಿಯಿಂದಲೇ ಕಲಿತಿದ್ದರು.

ಶಿವಾಜಿನಗರಕ್ಕೆ ಒಂದು ದಿನ

ದೊಡ್ಡ ಖರೀದಿಗೆ ಹೋಗಬೇಕಾದದ್ದು ಶಿವಾಜಿನಗರಕ್ಕೆ. ಬಿ.ಟಿ.ಎಸ್. ಬಸ್ಸು ಹತ್ತಿ ಹಲಸೂರು ದಾಟಿ ಇಳಿದರೆ, ಮೊದಲ ಭೇಟಿ ಅಂಗಡಿಗಲ್ಲ, ಸಂತ ಮೇರಿಯಮ್ಮನವರ ಸನ್ನಿಧಿಗೆ. 1882ರಲ್ಲಿ ಪ್ರತಿಷ್ಠಾಪನೆಯಾದ, 1974ರಲ್ಲಿ ಕಿರಿಯ ಬಸಿಲಿಕವೆಂಬ ಗೌರವ ಪಡೆದ ಆ ದೇವಾಲಯದಲ್ಲಿ ಒಂದು ಮೇಣದಬತ್ತಿ ಹಚ್ಚಿ, ನಂತರ ಚೀಲ ಬಿಚ್ಚುತ್ತಿದ್ದರು.

ಎದುರಿಗೇ ರಸೆಲ್ ಮಾರುಕಟ್ಟೆ. 1927ರಲ್ಲಿ ಕಟ್ಟಿದ ಈ ಕಟ್ಟಡಕ್ಕೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟವು. ಆದರೂ ವ್ಯಾಪಾರಿಗಳು ಮತ್ತೆ ಅಲ್ಲಿಯೇ ಅಂಗಡಿ ಹೂಡಿದರು. ಒಣದ್ರಾಕ್ಷಿ, ಗೋಡಂಬಿ, ಏಲಕ್ಕಿ, ಹಬ್ಬದ ಮಾಂಸ ಎಲ್ಲವೂ ಅಲ್ಲಿ. ಇಡೀ ಗೋಡಂಬಿ ದುಬಾರಿ, ಆದ್ದರಿಂದ ಮುರಿದ ಗೋಡಂಬಿ ಕೊಳ್ಳುತ್ತಿದ್ದರು. ಕೇಕಿಗೆ ಹೇಗಿದ್ದರೂ ಮುರಿದೇ ಹಾಕಬೇಕಲ್ಲ! ಅಂಗಡಿಯವರಲ್ಲಿ ಬಹುಮಂದಿ ಮುಸ್ಲಿಂ ಬಾಂಧವರು. ಕೇಕಿಗೆ ಯಾವ ದ್ರಾಕ್ಷಿ, ಎಷ್ಟು ಜಾಯಿಕಾಯಿ ಎಂಬುದು ನಮ್ಮಷ್ಟೇ ಅವರಿಗೂ ಗೊತ್ತಿತ್ತು.

ನಂತರ ಬಟ್ಟೆ. ಒಂದೇ ತಾನಿನಿಂದ ಬಟ್ಟೆ ಹರಿಸಿ ಅಣ್ಣನಿಗೆ ಅಂಗಿ, ತಮ್ಮನಿಗೆ ಅಂಗಿ, ಉಳಿದದ್ದರಲ್ಲಿ ತಂಗಿಗೆ ಲಂಗ. ಮಧ್ಯರಾತ್ರಿಯ ಬಲಿಪೂಜೆಯಲ್ಲಿ ಬಟ್ಟೆಯ ಬಣ್ಣ ನೋಡಿಯೇ ಯಾರು ಯಾರ ಮಕ್ಕಳೆಂದು ಹೇಳಬಹುದಿತ್ತು. ದರ್ಜಿ ಮಾತ್ರ ಡಿಸೆಂಬರ್ ಮೊದಲ ವಾರದ ಮೇಲೆ ಬಟ್ಟೆ ಮುಟ್ಟುತ್ತಿರಲಿಲ್ಲ. ಆಮೇಲೆ ಬಂದವರು ಬೇಡಿಕೊಳ್ಳಬೇಕಿತ್ತು.

ಸಂಜೆ ಬಸ್ಸಿನಲ್ಲಿ ಮರಳುವಾಗ ಚೀಲದಲ್ಲಿದ್ದದ್ದು ಇಂದಿನ ಲೆಕ್ಕಕ್ಕೆ ತೀರಾ ಕಡಮೆ. ಅದರಲ್ಲೂ ಸಿದ್ಧ ವಸ್ತುಗಳು ಬಹಳ ಕಡಮೆ. ಅಕ್ಕಿ, ಬೆಲ್ಲ, ಮೈದಾ, ಸಕ್ಕರೆ, ಬಟ್ಟೆ, ಬಣ್ಣದ ಕಾಗದ. ಹಬ್ಬವನ್ನು ಅವರು ಕೊಂಡು ತರಲಿಲ್ಲ, ಹಬ್ಬ ಮಾಡಲು ಬೇಕಾದ ಕಚ್ಚಾ ಸಾಮಗ್ರಿಯನ್ನು ತಂದರು. ಹಬ್ಬ ತಯಾರಾಗಬೇಕಾದದ್ದು ಮನೆಯಲ್ಲಿ.

ಹತ್ತು ಕೈಗಳ ಕಜ್ಜಾಯ

ಕಜ್ಜಾಯವನ್ನೇ ನೋಡಿ. ಅಕ್ಕಿ ನೆನೆಸಬೇಕು, ಬಸಿಯಬೇಕು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಬೇಕು. ಪಸೆ ಪೂರ್ತಿ ಆರುವ ಮೊದಲೇ ಕುಟ್ಟಿ ಜರಡಿ ಹಿಡಿಯಬೇಕು. ಬೆಲ್ಲದ ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಬಿಡಿಬಿಡಿಯಾಗಿ ಹೋಗುತ್ತದೆ, ಏರಿದರೆ ಕಲ್ಲಾಗುತ್ತದೆ. ಹಿಟ್ಟನ್ನು ಒಂದೆರಡು ದಿನ ಹಾಗೇ ಇಡಬೇಕು. ಆಮೇಲೆ ಒಬ್ಬರು ತಟ್ಟಬೇಕು, ಒಬ್ಬರು ಬೇಯಿಸಬೇಕು, ಒಬ್ಬರು ಎಣ್ಣೆ ಒತ್ತಿ ತೆಗೆಯಬೇಕು. ಇದು ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಅಕ್ಕಪಕ್ಕದ ಹೆಂಗಸರು ಸರದಿ ಹಾಕಿಕೊಳ್ಳುತ್ತಿದ್ದರು. ಕಲ್‌ಕಲ್‌ಗೆ ಮಕ್ಕಳೂ ಬೇಕು. ಹಿಟ್ಟಿನ ಪುಟ್ಟ ಉಂಡೆಯನ್ನು ಮುಳ್ಳುಚಮಚದ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಮಾಡುವುದು ಪುಟ್ಟ ಬೆರಳುಗಳಿಗೇ ಹೇಳಿ ಮಾಡಿಸಿದ ಕೆಲಸ.

ಕೇಕ್ ಮಾಡಲು ಮನೆಗಳಲ್ಲಿ ಓವನ್ ಇರಲಿಲ್ಲ. ಹಾಗಾಗಿ ಕಲಸಿದ ಹಿಟ್ಟನ್ನು ತಗಡಿನ ತಟ್ಟೆಗಳಿಗೆ ಸುರಿದು, ಹೆಸರಿನ ಚೀಟಿ ಇಟ್ಟು, ಹತ್ತಿರದ ಬೇಕರಿಗೆ ಒಯ್ಯುತ್ತಿದ್ದರು. ಸೌದೆ ಒಲೆಯಲ್ಲಿ ಬ್ರೆಡ್ ಬೆಂದ ಮೇಲೆ ಆ ಕಾವಿನಲ್ಲಿ ಬೀದಿಯವರ ಕೇಕುಗಳು ಬೇಯುತ್ತಿದ್ದವು. ಬೇಕರಿಯ ಮಾತು ಬಂದಾಗ ಫ್ರೇಜರ್ ಟೌನಿನ ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ ನೆನಪಾಗುತ್ತದೆ. 1902ರಲ್ಲಿ ಆರಂಭವಾದ ಇದನ್ನು ನಡೆಸಿಕೊಂಡು ಬಂದದ್ದು ಒಂದು ಮುಸ್ಲಿಂ ಕುಟುಂಬ. ಶುಭ ಶುಕ್ರವಾರಕ್ಕೆ ಅಲ್ಲಿ ಮಾಡುವ ಶಿಲುಬೆ ಗುರುತಿನ ಬನ್ನು ಈ ಭಾಗದ ಕ್ರೈಸ್ತರಿಗೆಲ್ಲ ಪರಿಚಿತ. ಒಬ್ಬರ ಹಬ್ಬದ ರೊಟ್ಟಿ ಇನ್ನೊಬ್ಬರ ಒಲೆಯಲ್ಲಿ ಬೇಯುವುದು ಈ ಊರಿಗೆ ಹೊಸದಲ್ಲ.

ಹಾಗೆಂದು ಆ ಕಾಲವನ್ನು ಬರಿದೇ ಹೊಗಳುವುದು ಸರಿಯಲ್ಲ. ಸೀಮೆ ಎಣ್ಣೆ ಸ್ಟೌವಿನ ಹೊಗೆಯಲ್ಲಿ ಬೆಂದವರು ತಾಯಂದಿರು. ಸಕ್ಕರೆಗೆ ಪಡಿತರ ಅಂಗಡಿಯ ಮುಂದೆ ನಿಂತವರೂ ಅವರೇ. ಎಲ್ಲರಿಗೂ ಹೊಸ ಬಟ್ಟೆ ತೊಡಿಸಿ, ತಾವು ಹಳೆಯ ಸೀರೆಯನ್ನೇ ಒಗೆದು ಇಸ್ತ್ರಿ ಮಾಡಿ ಉಟ್ಟವರು, ಮಧ್ಯರಾತ್ರಿಯ ಬಲಿಪೂಜೆಯಲ್ಲಿ ದಣಿವಿನಿಂದ ತೂಕಡಿಸಿದವರು ಎಷ್ಟು ಮಂದಿ! ಹಳೆಯ ಹಬ್ಬವನ್ನು ಮರಳಿ ತರಬೇಕೆಂದು ಆಸೆಪಡುವ ಗಂಡಸರು ಮೊದಲು ಜರಡಿ ಹಿಡಿಯಲು ಕಲಿಯಲಿ.

ತಟ್ಟೆ ಹೊರಟಾಗ ಹಬ್ಬ

ಇಷ್ಟು ಕಷ್ಟಪಟ್ಟು ಮಾಡಿದ ತಿಂಡಿಯನ್ನು ಡಬ್ಬಿಗೆ ತುಂಬಿ ಮೇಲಿಟ್ಟು, ಮಕ್ಕಳಿಗೆ ‘ಮುಟ್ಟಬೇಡಿ’ ಎನ್ನುತ್ತಿದ್ದರು. ಯಾರಿಗಾಗಿ? ಹಬ್ಬದ ಬೆಳಿಗ್ಗೆ ಕ್ರೋಷಾ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹಿಡಿದು ಮಕ್ಕಳು ಬೀದಿಗಿಳಿಯುತ್ತಿದ್ದರು. ಎದುರು ಮನೆಯ ಅಜ್ಜಿಗೆ, ಮೂಲೆಯ ಸಾಹೇಬರ ಮನೆಗೆ, ಹಾಲಿನವರಿಗೆ, ಬಟ್ಟೆ ಒಗೆಯುವವರಿಗೆ. ತಟ್ಟೆ ಎಂದೂ ಖಾಲಿಯಾಗಿ ಮರಳುತ್ತಿರಲಿಲ್ಲ. ಅದರಲ್ಲಿ ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಇರುತ್ತಿತ್ತು. ಯುಗಾದಿಗೆ ಹೋಳಿಗೆ, ರಂಜಾನಿಗೆ ಸೇಮಿಗೆ ಪಾಯಸ ಬಂದ ದಾರಿಯಲ್ಲೇ ಡಿಸೆಂಬರಿನಲ್ಲಿ ಕಜ್ಜಾಯ ಹೋಗುತ್ತಿತ್ತು.

ಇದಕ್ಕೆ ಪವಿತ್ರ ಬೈಬಲಿನಲ್ಲಿಯೇ ಆಧಾರವಿದೆ. ಸೆರೆಯಿಂದ ಮರಳಿದ ಜನರು ಧರ್ಮಶಾಸ್ತ್ರದ ವಾಚನ ಕೇಳಿ ಅತ್ತಾಗ, ಅಳಬೇಡಿ, ಹೋಗಿ ಹಬ್ಬದೂಟ ಮಾಡಿ, ಏನೂ ಸಿದ್ಧಮಾಡಿಕೊಳ್ಳಲಾಗದವರಿಗೂ ಪಾಲು ಕಳುಹಿಸಿ ಎಂದು ಅವರಿಗೆ ಹೇಳಲಾಯಿತು (ನೆಹೆಮೀಯ 8:10). ದೇವಜನರ ಹಬ್ಬದಲ್ಲಿ ಊಟದಷ್ಟೇ ಮುಖ್ಯವಾದದ್ದು ಪಾಲು ಕಳುಹಿಸುವುದು. ಮನೆಗೆ ಬಂದದ್ದೆಷ್ಟು ಎಂಬುದು ಅಂಗಡಿಯ ಲೆಕ್ಕ. ಮನೆಯಿಂದ ಹೊರಟದ್ದೆಷ್ಟು ಎಂಬುದೇ ಹಬ್ಬದ ಲೆಕ್ಕ.

ಒಂದು ತುಂಡು ಬಟ್ಟೆ, ಒಂದು ಗೋದಲಿ

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಗಮನವಿಟ್ಟು ಓದಿ. ಕುರುಬರಿಗೆ ದೇವದೂತ ಕೊಟ್ಟ ಗುರುತು ಯಾವುದು? ಅರಮನೆಯಲ್ಲ, ಆಕಾಶದ ಬೆಳಕೂ ಅಲ್ಲ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು. ಆ ಬಟ್ಟೆಯನ್ನು ಸುತ್ತಿದವರು ತಾಯಿ ಮರಿಯಮ್ಮನವರೇ. ಗೋದಲಿಯಂತೂ ದನಕರುಗಳ ಮೇವಿನ ತೊಟ್ಟಿ. ಮನೆಯಲ್ಲಿ ಕೈಗೆ ಸಿಗುವ ಎರಡು ಸಾಧಾರಣ ವಸ್ತುಗಳೇ ಲೋಕರಕ್ಷಕನ ಗುರುತಾದವು. ಮುಂದೆ ಬಹಿರಂಗ ಸೇವೆ ಆರಂಭಿಸುವ ಹೊತ್ತಿಗೆ ಪ್ರಭುವಿಗೆ ಸುಮಾರು ಮೂವತ್ತು ವಯಸ್ಸು. ಅಲ್ಲಿಯವರೆಗಿನ ಬದುಕಿನ ಹೆಚ್ಚಿನ ಭಾಗ ನಜರೇತಿನ ಸಣ್ಣ ಊರಿನ ಮನೆವಾರ್ತೆಯಲ್ಲೇ ಕಳೆಯಿತು. ಮನೆಯ ದಿನನಿತ್ಯದ ಕೆಲಸ ದೇವರಿಗೆ ಕೀಳಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚಿಯೋ ಎಂಬ ಸಣ್ಣ ಊರಿನಲ್ಲಿ ಗೋದಲಿಯನ್ನು ಕಟ್ಟಿಸಿದಾಗಲೂ ಬೇಕಾದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ದಿವಂಗತ ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚಿಯೋಗೆ ಹೋಗಿ ಗೋದಲಿಯ ಅರ್ಥವನ್ನು ವಿವರಿಸುವ ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಬಿಡಬಾರದೆಂಬುದು ಅದರ ಕಳಕಳಿ.

ಈ ವರ್ಷ ನಾವೇನು ಮಾಡಬಹುದು?

ಕಾಲ ಹಿಂದಕ್ಕೆ ಹೋಗುವುದಿಲ್ಲ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅಕ್ಕಿ ಕುಟ್ಟುತ್ತ ಕೂರಲಾಗದು. ಅಂಗಡಿಯಿಂದ ತಿಂಡಿ ತಂದರೆ ಪಾಪವೇನೂ ಇಲ್ಲ. ಆದರೆ ಮೂರು ಕೆಲಸಗಳನ್ನು ಯಾರು ಬೇಕಾದರೂ ಮಾಡಬಹುದು.

ಮೊದಲನೆಯದು, ಸಾಮಾನಿನ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯಿರಿ: ಈ ಸಲ ನಮ್ಮ ಮನೆಯಿಂದ ಯಾರ ಮನೆಗೆ ತಟ್ಟೆ ಹೋಗಬೇಕು? ಅದರಲ್ಲಿ ಒಂದು ಹೆಸರಾದರೂ ಮರಳಿ ಏನೂ ಕೊಡಲಾಗದವರದ್ದಾಗಿರಲಿ. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಇದ್ದೂ ಹೆಸರು ಗೊತ್ತಿಲ್ಲದ ಒಬ್ಬರದೂ ಇರಲಿ.

ಎರಡನೆಯದು, ಪಾಪನಿವೇದನೆಗೆ ಹೋಗುವ ಮುನ್ನ ಬಾಕಿ ತೀರಿಸಿ. ಅಂಗಡಿಯ ಸಾಲದ ಪುಸ್ತಕ, ದರ್ಜಿಯ ಕೂಲಿ, ಮನೆಗೆಲಸದವರ ಸಂಬಳ ಇವುಗಳನ್ನು ಹಬ್ಬದ ಮೊದಲೇ ಕೊಟ್ಟುಬಿಡಿ. ಅವರ ಮನೆಯಲ್ಲೂ ಮಕ್ಕಳಿದ್ದಾರೆ. ತೀರಿಸಲಾಗದ ಹೊಸ ಕಂತನ್ನು ಬಾಲಯೇಸುವಿನ ಹೆಸರಿನಲ್ಲಿ ತಲೆಯ ಮೇಲೆ ಹೊತ್ತುಕೊಳ್ಳಬೇಡಿ.

ಮೂರನೆಯದು, ರಾಗಿ ಬಿತ್ತಿ. ನಮ್ಮ ಮನೆಗಳಲ್ಲಿ ಗೋದಲಿಯ ಸುತ್ತಲಿನ ಹಸಿರನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಹಬ್ಬಕ್ಕೆ ಹತ್ತು ಹನ್ನೆರಡು ದಿನವಿರುವಾಗ ತಟ್ಟೆಯಲ್ಲಿ ಮಣ್ಣು ಹರವಿ, ಒಂದು ಹಿಡಿ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸುವುದು ಮಕ್ಕಳ ಕೆಲಸ. ಮೊದಲ ಎರಡು ಮೂರು ದಿನ ಏನೂ ಕಾಣುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಸಿರು ಚುಕ್ಕೆಗಳು. ಡಿಸೆಂಬರ್ 24ರ ರಾತ್ರಿ, ಬಲಿಪೂಜೆ ಮುಗಿಸಿ ಬಂದು ಖಾಲಿ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಹೊತ್ತಿಗೆ ಅದು ಬೆರಳುದ್ದ ಬೆಳೆದು ನಿಂತಿರುತ್ತದೆ.

ಒಂದು ಹಿಡಿ ರಾಗಿಗೆ ಎಷ್ಟು ಖರ್ಚು? ಆದರೆ ಕಾಯಬೇಕು, ದಿನಾ ಕೈಹಾಕಬೇಕು. ಅದನ್ನು ಕಲಿಸುವುದಕ್ಕೇ ಅಲ್ಲವೇ ಆಗಮನ ಕಾಲವಿರುವುದು?

ನಿಮ್ಮೆಲ್ಲರ ಮನೆಗೂ, ನಿಮ್ಮ ಮನೆಯಿಂದ ತಟ್ಟೆ ಹೋಗುವ ಎಲ್ಲ ಮನೆಗಳಿಗೂ ಕ್ರಿಸ್ತಜಯಂತಿಯ ಶಾಂತಿ ದೊರಕಲಿ.