ಬೆಟ್ಟ ಹತ್ತಿಸಿದ ಗೆರೆಗಳು

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1976ರಲ್ಲಿ ಮೈಸೂರಿನ ಕಾವ್ಯಾಲಯದಿಂದ ಹೊರಬಂತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತಿದ ಕಥನ ಅದು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅದಕ್ಕೆ ಪ್ರಶಸ್ತಿ ಕೊಟ್ಟಾಗ ಪ್ರವಾಸ ಕಥನದ ಸಾಲಿಗೆ ಸೇರಿಸಿತು. ಪುಸ್ತಕ ಓದಿದವರಿಗೆ ಈ ಹಣೆಪಟ್ಟಿ ತುಸು ಇಕ್ಕಟ್ಟೆನಿಸುತ್ತದೆ. ಬೆಟ್ಟಕ್ಕೆ ಹೊರಟವರು ಜೊತೆಗೊಯ್ಯಬಹುದಾದ ಸಚಿತ್ರ ಕೈಪಿಡಿಯೂ ಅದೇ. ನಕ್ಷೆಗಳ ಆಸೆಯಿಂದ ತೆರೆದರೆ ನಿರಾಸೆಯಾದೀತು. ದಾರಿಯಲ್ಲಿ ಎಲ್ಲಿ ನಿಲ್ಲಬೇಕು, ನಿಂತು ಏನನ್ನು ನೋಡಬೇಕು ಎಂಬುದೇ ಅದರ ವಿಷಯ. ಹಾಗೆ ನೋಡಿದ್ದನ್ನು ರೇಖೆಗಳಲ್ಲಿ ಹಿಡಿದವರೂ ಸ್ವಾಮಿಯವರೇ.

ಘಟ್ಟದ ಗಿಡಗಳನ್ನು ಚಿತ್ರದ ಮೂಲಕ ಪರಿಚಯಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಂಗ್ರಹಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಕೊಂಕಣಿ ಪಂಡಿತರ ತಿಳಿವಳಿಕೆಯೂ ಅದರೊಳಗಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ದಿನಕ್ಕೊಂದು ಗಿಡದಂತೆ ಸ್ಥಳೀಯ ಕಲಾವಿದನಿಂದ ಚಿತ್ರ ಬರೆಸಿದ. ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮೆರಾನ್ ಮೇಲ್ವಿಚಾರಕನಾಗಿದ್ದ ಕಾಲಕ್ಕೆ ಚೆಲುವಯ್ಯ ರಾಜು ಎಂಬ ಚಿತ್ರಕಾರರು ಬಿಡಿಸಿದ ಸಸ್ಯಚಿತ್ರಗಳು ಇಂದಿಗೂ ಹೆಸರಾಗಿವೆ. ಈ ಮೂರು ಕಡೆಯೂ ಬರೆಸಿದವನೊಬ್ಬ, ಬರೆದವನೊಬ್ಬ. ಬರೆಸಿದವನ ಹೆಸರು ಮುಖಪುಟಕ್ಕೆ ಏರಿದರೆ ಬರೆದವನದು ಬಹುತೇಕ ಮೂಲೆ ಸೇರಿತು. ಸ್ವಾಮಿಯವರಲ್ಲಿ ಎರಡೂ ಕೆಲಸ ಒಂದೇ ಕೈಗೆ ಬಂದವು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ. ಗುಂಡಪ್ಪ. ಮನೆಯಲ್ಲಿ ಸಂಸ್ಕೃತ, ಕನ್ನಡ, ಪತ್ರಿಕೋದ್ಯಮ, ರಾಜಕಾರಣಗಳ ಮಾತು; ಮಗ ಹಿಡಿದದ್ದು ಸೂಕ್ಷ್ಮದರ್ಶಕ. ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಅವರು ಆರ್ಕಿಡ್‌ಗಳ ಭ್ರೂಣಶಾಸ್ತ್ರದ ಬೆನ್ನು ಹತ್ತಿದರು. 1940ರ ದಶಕದ ಉದ್ದಕ್ಕೂ ಈ ಕುರಿತು ಪ್ರಬಂಧದ ಮೇಲೆ ಪ್ರಬಂಧ ಪ್ರಕಟಿಸಿದರು.

ಅವರ ಗೆರೆ ಪಳಗಿದ್ದು ಈ ಕೆಲಸದಲ್ಲಿ. ಆರ್ಕಿಡ್‌ನ ಬೀಜ ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಇರಬಹುದು. ಭ್ರೂಣವೆಂದರೆ ಕೆಲವೇ ಕೋಶಗಳ ಗುಂಪು. ಅದನ್ನು ನೋಡಲು ಮೊಗ್ಗು, ಹೂವು, ಎಳೆಗಾಯಿಗಳನ್ನು ಬೇರೆ ಬೇರೆ ಹಂತಗಳಲ್ಲಿ ಕಿತ್ತು, ದ್ರಾವಣದಲ್ಲಿ ಅದ್ದಿಟ್ಟು, ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಹೆರೆಯಬೇಕು. ಹೆರೆದದ್ದಕ್ಕೆ ಬಣ್ಣ ಹಿಡಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸಬೇಕು. ಆಮೇಲೆ ಕ್ಯಾಮೆರಾ ಲೂಸಿಡಾ. ಹೆಸರಲ್ಲಿ ಕ್ಯಾಮೆರಾ ಇದ್ದರೂ ಅದು ಫೋಟೊ ತೆಗೆಯುವ ಸಾಧನವಲ್ಲ. ಸೂಕ್ಷ್ಮದರ್ಶಕದ ಕಣ್ಣಿಗೆ ಸಿಕ್ಕಿಸುವ ಒಂದು ಪಟ್ಟಕ, ಜೊತೆಗೊಂದು ಕನ್ನಡಿ. ಅದರೊಳಗೆ ಇಣುಕಿದರೆ ಕೋಶಗಳೂ ಮೇಜಿನ ಮೇಲಿನ ಕಾಗದವೂ ಪೆನ್ಸಿಲಿನ ತುದಿಯೂ ಒಟ್ಟಿಗೇ ಕಾಣುತ್ತವೆ. ಕೋಶದ ಅಂಚಿನ ಮೇಲೆ ಪೆನ್ಸಿಲ್ ನಡೆಸುತ್ತಾ ಹೋಗುವುದು, ಬಳಿಕ ಅದೇ ಗೆರೆಯ ಮೇಲೆ ಕಪ್ಪು ಶಾಯಿ. ನೆರಳು ಬೇಕಾದಲ್ಲಿ ಚುಕ್ಕಿ ಇಡಬೇಕು, ಉಜ್ಜುವ ಹಾಗಿಲ್ಲ. ಇಲ್ಲಿ ಚಿತ್ರವೇ ಸಾಕ್ಷ್ಯ. ಒಂದು ಕೋಶಗೋಡೆ ಹೆಚ್ಚಾದರೆ ತೀರ್ಮಾನವೇ ತಪ್ಪುತ್ತದೆ. ಇಂಥ ಶಿಸ್ತಿನಲ್ಲಿ ವರ್ಷಗಟ್ಟಲೆ ದುಡಿದ ಕೈ ಮುಂದೆ ಕನ್ನಡದ ಓದುಗರಿಗಾಗಿ ಕಾಡುಗಿಡದ ಟೊಂಗೆ ಬರೆಯಲು ಕೂತಾಗ ಒಂದು ಗೆರೆಯೂ ಅಲಂಕಾರಕ್ಕೆಂದು ಬೀಳಲಿಲ್ಲ.

ಆರ್ಕಿಡ್ ಸಂಶೋಧನೆಯ ಬಲದಿಂದ ಸ್ವಾಮಿ ಹಾರ್ವರ್ಡ್ ಸೇರಿ ಸಸ್ಯ ಅಂಗರಚನೆಯ ದೊಡ್ಡ ಹೆಸರಾಗಿದ್ದ ಇರ್ವಿಂಗ್ ಬೈಲಿ ಅವರ ಜೊತೆ ಕೆಲಸ ಮಾಡಿದರು. ಹೂಬಿಡುವ ಸಸ್ಯಗಳಲ್ಲಿ ಅತ್ಯಂತ ಪ್ರಾಚೀನ ಬಗೆಯವು ಯಾವುವು ಎಂಬುದು ಆಗಿನ ದೊಡ್ಡ ಪ್ರಶ್ನೆ. ಫಿಜಿ ದ್ವೀಪದ ಡಿಜೆನೇರಿಯಾ, ಆಸ್ಟ್ರೇಲಿಯಾದ ಆಸ್ಟ್ರೊಬೈಲಿಯಾ ಮುಂತಾದ ಅಪರೂಪದ ಗಿಡಗಳನ್ನು ಅವರು ಕೊಯ್ದು ನೋಡಿದರು. 1951ರಲ್ಲಿ ಬೈಲಿ ಮತ್ತು ಸ್ವಾಮಿ ಹೂವಿನ ಅಂಡಕೋಶದ ಮೂಲದ ಬಗ್ಗೆ ಬರೆದ ಪ್ರಬಂಧ ಬಹುಕಾಲ ಚರ್ಚೆಯಲ್ಲಿತ್ತು. ನಡುನರದ ಉದ್ದಕ್ಕೆ ಮಡಿಚಿದ ವೀಳ್ಯದೆಲೆಯಂತೆ, ಎಲೆಯೊಂದು ಮಡಿಚಿಕೊಂಡು ಬೀಜವನ್ನು ಒಳಗಿಟ್ಟುಕೊಂಡದ್ದರಿಂದ ಅಂಡಕೋಶ ಮೂಡಿತು ಎಂಬುದು ಅದರ ಸಾರ.

ಸಾರ್ಕಾಂಡ್ರ ಎಂಬ ಪೊದೆಯ ಕಥೆ ಇನ್ನೂ ಸ್ವಾರಸ್ಯದ್ದು. ಹೂಬಿಡುವ ಬಹುತೇಕ ಸಸ್ಯಗಳ ಕಾಂಡದಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳಿರುತ್ತವೆ. ಸಾರ್ಕಾಂಡ್ರದಲ್ಲಿ ಅವಿಲ್ಲ ಎಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ಪ್ರಕಟಿಸಿದರು. 1953ರಲ್ಲಿ ಸ್ವಾಮಿ ದಕ್ಷಿಣ ಭಾರತದ ಬೆಟ್ಟಗಾಡಿನ ಇದೇ ಕುಲದ ಗಿಡವೊಂದನ್ನು ಹೊಸ ಪ್ರಭೇದವೆಂದು ವಿವರಿಸಿ, ಗುರುವಿನ ಪೂರ್ತಿ ಹೆಸರನ್ನೇ ಅದಕ್ಕೆ ಕೊಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಸಾರ್ಕಾಂಡ್ರದ ಕಟ್ಟಿಗೆಯಲ್ಲಿ ನಾಳಗಳಿವೆ, ಅವು ಬಹಳ ಸರಳ ರೂಪದವು ಎಂದು ತೋರಿಸಿದರು. ಹೀಗೆ ತಿದ್ದಿಸಿಕೊಳ್ಳುವುದು ವಿಜ್ಞಾನದಲ್ಲಿ ಅವಮಾನವೇನಲ್ಲ. ಘಟ್ಟದ ನೆರಳಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆಯುವ ಪೊದೆಯೊಂದು ಹಾರ್ವರ್ಡಿನ ವಾದದೊಳಗೆ ಬಂದು ಸೇರಿದ್ದೇ ಇಲ್ಲಿ ಮುಖ್ಯ.

ಅಮೆರಿಕದಿಂದ ಮರಳಿದ ಸ್ವಾಮಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ನೆಲೆನಿಂತರು; ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಕಾಡು ತಿರುಗುವುದು ಪಾಠದ ಭಾಗ. ಇಂಥ ತಂಡದ ನಡಿಗೆ ಚಾರಣಿಗರ ನಡಿಗೆಯಂತಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಗಾಡಿ ಹತ್ತಿ, ಶನಿವಾರ ಮಧ್ಯಾಹ್ನದೊಳಗೆ ಕೊಡಚಾದ್ರಿಯ ನೆತ್ತಿ ಮುಟ್ಟುವ ಇಂದಿನ ಯುವಕರಿಗೆ ಅದು ನಡಿಗೆಯೆಂದೇ ಅನಿಸಲಿಕ್ಕಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ಎಲೆ ಕಿವುಚಿ ಮೂಸಬೇಕು, ತೊಟ್ಟು ಮುರಿದು ಹಾಲು ಬರುತ್ತದೆಯೇ ನೋಡಬೇಕು. ಹೂವಿದ್ದ ಟೊಂಗೆಯನ್ನು ಕತ್ತರಿಸಿ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರವಬೇಕು. ಕನಿಷ್ಠ ಒಂದೆಲೆಯನ್ನಾದರೂ ಬೆನ್ನು ಮೇಲಾಗಿ ತಿರುಗಿಸಿಡಬೇಕು, ಒಣಗಿದ ಮೇಲೆ ಆ ಬದಿ ನೋಡಲು ಸಿಗಲಿ ಎಂದು. ಮಲೆನಾಡಿನ ಹಸಿಯಲ್ಲಿ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ.

‘ಹಸುರು ಹೊನ್ನು’ ರೂಪುಗೊಂಡದ್ದು ಇಂಥ ತಿರುಗಾಟಗಳ ಅನುಭವದಿಂದ. ಪುಸ್ತಕ ಮಾತುಗಳಲ್ಲಿ ನಡೆಯುತ್ತದೆ. ವಿದ್ಯಾರ್ಥಿಗಳ ಪ್ರಶ್ನೆ, ಪ್ರಾಧ್ಯಾಪಕರ ಉತ್ತರ, ನಡುವೆ ತಮಾಷೆ, ಗಿಡಕ್ಕೆ ಹೆಸರಿಟ್ಟವರ ಕಥೆ, ಹಳೆಯ ಕಾವ್ಯದಲ್ಲಿ ಅದರ ನೆನಪು, ಊರಿನವರು ಅದನ್ನು ಬಳಸುವ ಬಗೆ. ಲ್ಯಾಟಿನ್ ಹೆಸರು ಎಷ್ಟು ಬಾರಿ ಬಂದರೂ ಓದುಗ ಬೆದರುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಗಿಡದ ಪರಿಚಯ ಆಗಿಹೋಗಿರುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಪಾರಿಭಾಷಿಕ ಪದ ಹುಡುಕುವುದರಲ್ಲೇ ದಣಿಯುತ್ತಿದ್ದ ಕಾಲಕ್ಕೆ ಸ್ವಾಮಿ ಹಿಡಿದ ಈ ದಾರಿ ಹೆಚ್ಚು ದೂರ ಹೋಯಿತು.

ಆ ಕಾಲದ ಮುದ್ರಣಕ್ಕೂ ರೇಖಾಚಿತ್ರವೇ ಒಗ್ಗುತ್ತಿತ್ತು. ಫೋಟೊ ಅಚ್ಚಾಗಬೇಕಾದರೆ ಅದನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಬ್ಲಾಕ್ ಮಾಡಿಸಬೇಕಿತ್ತು. ಸಾಧಾರಣ ಕಾಗದದಲ್ಲಿ ಶಾಯಿ ಹರಡಿ ಎಲೆಯೂ ಹಿನ್ನೆಲೆಯೂ ಒಂದೇ ಕಪ್ಪಾಗುತ್ತಿತ್ತು. ಗೆರೆಯ ಚಿತ್ರಕ್ಕೆ ಸತುವಿನ ಬ್ಲಾಕ್ ಸಾಕು, ಖರ್ಚೂ ಕಡಿಮೆ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಫೋಟೊದಲ್ಲಿ ಗಿಡದ ಸುತ್ತಲ ಪೊದೆಯೆಲ್ಲ ಬಂದು ಕೂರುತ್ತದೆ. ಗೆರೆ ಎಳೆಯುವವನು ಗುರುತಿಗೆ ಬೇಕಾದ್ದನ್ನಷ್ಟೇ ಉಳಿಸಿ, ಬೇರೆ ಬೇರೆ ಕಾಲಕ್ಕೆ ಬಿಡುವ ಹೂವು ಕಾಯಿಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಇಡಬಲ್ಲ.

ಅದೇ 1976ರಲ್ಲಿ ಸೆಸಿಲ್ ಸಲ್ಡಾನಾ ಮತ್ತು ಡಾನ್ ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಇಂಗ್ಲಿಷ್ ಗ್ರಂಥವೂ ಬಂತು. ಗಿಡದ ಹೆಸರು ಖಚಿತವಾಗಬೇಕಾದವರಿಗೆ ಅದು ಇಂದಿಗೂ ಬೇಕು. ಆದರೆ ಅದನ್ನು ಬಳಸಲು ಸಸ್ಯಶಾಸ್ತ್ರ ಮೊದಲೇ ಗೊತ್ತಿರಬೇಕು; ಸ್ವಾಮಿಯವರ ಪುಸ್ತಕಕ್ಕೆ ಕುತೂಹಲ ಸಾಕು. ಸ್ವಾಮಿಯವರ ಕಾದಂಬರಿ ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದದ್ದೂ ಅದೇ ವರ್ಷ. ಅದರ ಹಿಂದಿನ ವರ್ಷ, 1975ರ ಅಕ್ಟೋಬರ್‌ನಲ್ಲಿ, ತಂದೆ ಡಿ.ವಿ.ಜಿ. ತೀರಿಕೊಂಡಿದ್ದರು. ತಂದೆಗೆ 1967ರಲ್ಲಿ, ಮಗನಿಗೆ 1978ರಲ್ಲಿ ಅಕಾಡೆಮಿ ಪ್ರಶಸ್ತಿ ಸಂದದ್ದು ಕನ್ನಡದಲ್ಲಿ ಅಪರೂಪದ ಸಂಗತಿ.

ಬೆಟ್ಟ ನಡೆದು, ತಾನೇ ಚಿತ್ರ ಬರೆದು ಕೈಪಿಡಿ ಮಾಡಿದವರಲ್ಲಿ ಜಗತ್ತಿನಲ್ಲಿ ಹೆಚ್ಚು ಹೆಸರಾದವರು ಇಂಗ್ಲೆಂಡಿನ ಆಲ್ಫ್ರೆಡ್ ವೈನ್‌ರೈಟ್. ಕೆಂಡಾಲ್ ಪಟ್ಟಣದ ಪುರಸಭೆಯ ಖಜಾಂಚಿಯಾಗಿದ್ದ ಅವರು 1952ರಲ್ಲಿ ಶುರುಮಾಡಿ, ಲೇಕ್ ಡಿಸ್ಟ್ರಿಕ್ಟ್‌ನ 214 ಬೆಟ್ಟಗಳನ್ನು ಏಳು ಸಂಪುಟಗಳಲ್ಲಿ ಮುಗಿಸಿದ್ದು 1966ರಲ್ಲಿ. ಚಿತ್ರ, ನಕ್ಷೆ ಮಾತ್ರವಲ್ಲ, ಅಕ್ಷರವನ್ನೂ ಕೈಯಲ್ಲೇ ಬರೆದರು. ಒಬ್ಬರೇ ನಡೆಯುವುದು ಅವರಿಗೆ ಇಷ್ಟ. ದಾರಿಯಲ್ಲಿ ಜನ ಎದುರಾಗುವುದೇ ಅವರಿಗೆ ಬೇಡವಾಗಿತ್ತು. ಸ್ವಾಮಿಯವರ ಪುಸ್ತಕದಿಂದ ವಿದ್ಯಾರ್ಥಿಗಳನ್ನು ತೆಗೆದರೆ ಅರ್ಧ ಪುಸ್ತಕವೇ ಉಳಿಯುವುದಿಲ್ಲ. ವೈನ್‌ರೈಟ್ ಕೈಪಿಡಿಯಲ್ಲಿ ಶಿಖರ ಮುಟ್ಟದೆ ಅಧ್ಯಾಯ ಮುಗಿಯದು, ಇಲ್ಲಿ ಶಿಖರ ತಪ್ಪಿಹೋದರೂ ಯಾರಿಗೂ ಬೇಸರವಿಲ್ಲ.

ನಿವೃತ್ತಿಯ ನಂತರ ಸ್ವಾಮಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಮೆಣಸಿನಕಾಯಿ, ಆಲೂಗಡ್ಡೆಯಂಥ ಹೊರನಾಡಿನ ಬೆಳೆಗಳು ನಮ್ಮ ಅಡುಗೆಮನೆ ಸೇರಿದ ಬಗೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಬರೆದರು. ಶಾಸನಗಳಲ್ಲಿ ಬರುವ ಗಿಡಮರಗಳನ್ನು ಗುರುತಿಸುವ ಕೆಲಸವನ್ನೂ ಮಾಡಿದರು. ಕೆ.ವಿ. ಕೃಷ್ಣಮೂರ್ತಿ ಅವರೊಂದಿಗೆ ರಚಿಸಿದ ಸಸ್ಯ ಭ್ರೂಣಶಾಸ್ತ್ರದ ಇಂಗ್ಲಿಷ್ ಪಠ್ಯಪುಸ್ತಕ 1980ರಲ್ಲಿ ಪ್ರಕಟವಾಯಿತು. ಆ ವರ್ಷದ ನವೆಂಬರ್ 2ರಂದು ಸ್ವಾಮಿ ತೀರಿಕೊಂಡರು. ಆಗ ಅವರಿಗೆ 62 ವರ್ಷ.