ಆನೆಗೊಂದಿಯ ಗುಡ್ಡದ ದಾರಿಯ ಹಸಿರು ಗಿಡಮರಗಳು

ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಪಂಪಾಸರೋವರದ ಕಡೆಗೆ, ಹೆಬ್ಬಂಡೆಗಳ ಗುಡ್ಡಗಳ ಬುಡದಲ್ಲಿ, ಫಾಲ್ಗುಣಮಾಸದಲ್ಲಿ ನಡೆದು ಹೋಗುವವರಿಗೆ ಎದುರಾಗುವ ಮೊದಲ ತೊಡಕು 'ನಿತ್ಯಹಸಿರು' ಎಂಬ ಮಾತಿನದೇ. ಸಹ್ಯಾದ್ರಿಯ ಮಳೆಗಾಡಿಗೆ ಸಲೀಸಾಗಿ ಸಲ್ಲುವ ಈ ಮಾತು, ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಈ ಸೀಮೆಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿಯ ಬೇವು ಆ ದಿನಗಳಲ್ಲಿ ಹಳೆಯ ಎಲೆಯನ್ನು ಉದುರಿಸಿ, ಬೇಗನೆ ಕೆಂದಳಿರನ್ನು ತಳೆಯುವುದು. ಒಂದು ವಾರ ಮುಂಚಿತವಾಗಿ ಬಂದವನು ಅದನ್ನು ಬೋಳುಮರವೆಂದಾನು, ತಡವಾಗಿ ಬಂದವನು ನಿತ್ಯಹಸಿರೆಂದಾನು. ಆದುದರಿಂದ ಗುರುತಿಗೆ ಬಣ್ಣವನ್ನು ನಂಬದೆ ಎಲೆಯ ಜೋಡಣೆ, ಅಂಚು, ಮುಳ್ಳು, ಹಾಲು ಇವುಗಳನ್ನು ನೋಡಬೇಕು.

ಹಳದಿ ಹೂಗಳ ವಿಷಯದಲ್ಲಿ ಭ್ರಾಂತಿ ಹೆಚ್ಚು. ತಂಗಡಿಯೆಂದೂ ಆವರಿಕೆಯೆಂದೂ ಕರೆಯುವ ಪೊದೆಯ ಎಲೆದೇಟಿನ ಬುಡದಲ್ಲಿ ಕಿವಿಯಂತಹ ಅಗಲವಾದ ಎರಡು ಕಿರುಪತ್ರಗಳಿರುವುವು. 1753ರಲ್ಲಿ ಲಿನೇಯಸನು ಕೊಟ್ಟ 'ಆರಿಕ್ಯುಲಾಟ' ಎಂಬ ಲ್ಯಾಟಿನ್ ಹೆಸರಿಗೂ ಕಿವಿಯುಳ್ಳದ್ದೆಂದೇ ಅರ್ಥ. ಇದರ ಕಾಯಿ ಚಪ್ಪಟೆ. ತೊಗಟೆ ಚರ್ಮ ಹದಮಾಡುವುದಕ್ಕೆ ಬೇಕಾದದ್ದು. ಕಕ್ಕೆಯಾದರೋ ಮರ, ಎಲೆಗಳು ದೊಡ್ಡವು, ಹೂಗೊಂಚಲು ಜೋಲುವುದು, ಕಾಯಿ ಮೊಳದುದ್ದದ ಕೋಲಿನಂತೆ ದುಂಡಗಿರುವುದು. ಬೇಸಗೆಯಲ್ಲಿ ಅದು ಎಲೆ ಕಳೆದುಕೊಂಡು ನಿಂತಾಗ, ಒಣಗಿತೆಂದು ಸೌದೆಗೆ ಕಡಿದರೆ ವೈಶಾಖದ ಹೂವೂ ಅಲ್ಲಿಗೇ ಮುಗಿಯುವುದು.

ಕವಳೆ, ಕಾರೆ ಎರಡೂ ಮುಳ್ಳಿನ ಪೊದೆಗಳು. ಎರಡರಲ್ಲಿಯೂ ಎಲೆಗಳು ಎದುರುಬದುರು, ಎರಡರ ಹಣ್ಣನ್ನೂ ದನಗಾಹಿ ಹುಡುಗರು ತಿನ್ನುವರು. ಎಲೆಯನ್ನು ಚಿವುಟಿದರೆ ವ್ಯತ್ಯಾಸ ತಿಳಿಯುವುದು: ಹಾಲು ಒಸರಿದರೆ ಕವಳೆ, ಇಲ್ಲದಿದ್ದರೆ ಕಾರೆ. ಕವಳೆಯ ಹೂವು ಬಿಳಿದು, ಪರಿಮಳವುಳ್ಳದ್ದು. ಹಣ್ಣು ಕಪ್ಪಾಗಿ ಮಾಗುವುದು. ಕಾರೆಯ ಹಣ್ಣು ಹಳದಿ. ಬೇಲಿಗಳಿಂದ ಗುಡ್ಡಕ್ಕೆ ನುಗ್ಗಿರುವ ಲಂಟಾನವು ಅಮೆರಿಕದಿಂದ ಬಂದುದು. ಚೌಕನೆಯ ಕಾಂಡ, ಉಜ್ಜಿದರೆ ಕಟುವಾಸನೆ ಬರುವ ಒರಟೆಲೆ, ಇಷ್ಟರಿಂದಲೇ ಅದನ್ನು ಬೇರ್ಪಡಿಸಬಹುದು.

ಈ ದಾರಿಯಲ್ಲಿ ನಿತ್ಯಹಸಿರೆಂಬ ಹೆಸರಿಗೆ ನಿಜವಾಗಿ ತಕ್ಕುದು, ಯಾರೂ ಲೆಕ್ಕಿಸದ ಬಂದರಿಕೆ. ಕಿರಿದಾದ ಎಲೆ, ಎಳೆಯದರಲ್ಲಿ ಅಂಟಂಟಾದ ಹೊಳಪು. ದನಕರುಗಳು ಇದನ್ನು ಸಾಮಾನ್ಯವಾಗಿ ಮೇಯವು, ಆದುದರಿಂದಲೇ ಮೇದು ಸವೆದ ಗುಡ್ಡಗಳಲ್ಲಿಯೂ ಉಳಿದುಕೊಂಡಿದೆ. ದೂರದಿಂದ ಕೆಂಪು ಹೂವೆಂದು ಕಾಣುವುದು ಇದರ ರೆಕ್ಕೆಗಾಯಿ. ಹೂವಿಗೆ ದಳಗಳೇ ಇಲ್ಲ.